ಹಡಗು ಎಣಿಸಿದ ಭಾನುವಾರಗಳು

2021ರ ಜೂನ್ 6, ಭಾನುವಾರ, ಬೆಳಿಗ್ಗೆ ಏಳೂ ಹತ್ತು. ನಾನು ಹಡಗು ಎಣಿಸಲು ಶುರುಮಾಡಿದ್ದು ಆಗ. ಜಪಾನಿನ ಕೋಟೋದಲ್ಲಿರುವ ನನ್ನ ಫ್ಲ್ಯಾಟಿನಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ ಹೋದರೆ ಸಮುದ್ರದಂಚಿನ ಪಾರ್ಕು. ಬಂದರಿಗೆ ಬರುವ ಕಂಟೇನರ್ ಹಡಗುಗಳು ಅಲ್ಲಿ ಎದುರಿಗೇ ಹಾದುಹೋಗುತ್ತವೆ.

ಮೈಸೂರಿನಿಂದ ಕೆಲಸದ ಮೇಲೆ ಬರುವಾಗ ವೀಣೆ ತರಲಾಗಿರಲಿಲ್ಲ. ಕೊರೋನಾ ಸ್ವಲ್ಪ ಇಳಿಯಿತು ಎನ್ನುವಾಗ ಅಮ್ಮ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಹಾಕಿಸಿದರು. ನಡುದಾರಿಯ ಬಂದರಿನಲ್ಲಿ ಹಡಗು ಬದಲಾಗಬೇಕಿತ್ತು. ಮುಂದಿನ ಹಡಗು ಸಿಗದೆ ಪೆಟ್ಟಿಗೆ ಅಲ್ಲೇ ನಿಂತುಬಿಟ್ಟಿತು. ತಂತಿಯಡಿಯ ಹಿತ್ತಾಳೆ ಮೆಟ್ಟಿಲುಗಳನ್ನು ಕೂರಿಸುವುದು ಮೇಣದಲ್ಲಿ. ಬಿಸಿಲಿಗೆ ಕಾದ ಕಬ್ಬಿಣದ ಕಂಟೇನರಿನಲ್ಲಿ ಆ ಮೇಣ ಎಷ್ಟು ದಿನ ತಡೆದೀತು?

ಆಫೀಸು ಮನೆಯಲ್ಲೇ ನಡೆಯುತ್ತಿತ್ತು. ಎದುರಿಗಿದ್ದವರೊಡನೆ ಆಡಿದ ಮಾತು ಬೀದಿಯ ಅಂಗಡಿ ಕೊಂಬಿನಿಯಲ್ಲಿ ಹೇಳಿದ ಅರಿಗಾತೋ, ಅಂದರೆ ಥ್ಯಾಂಕ್ಸ್, ಒಂದೇ ಎಂಬಂಥ ವಾರಗಳನ್ನು ಡೈರಿಯಲ್ಲಿ ಗುರುತಿಸಿದ್ದೇನೆ. ಅವು ಏಳು. ವೀಣೆ ಬಂದರೆ ಮನೆಯಲ್ಲಿ ಇನ್ನೊಂದು ದನಿಯಾದರೂ ಇರುತ್ತದೆ ಎಂದುಕೊಂಡಿದ್ದೆ.

ಹಡಗು ಹೆಚ್ಚಿದರೆ ವ್ಯಾಪಾರ ಚೇತರಿಸಿಕೊಂಡಿದೆ, ಪೆಟ್ಟಿಗೆಯೂ ಹೊರಟಿದೆ ಎಂಬುದು ನನ್ನ ಅಂದಾಜು. ಮೊದಲ ಭಾನುವಾರ ನಾಲ್ಕು, ಆಗಸ್ಟ್ ಕೊನೆಗೆ ಒಂಬತ್ತು. ಅಂದು ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಮುದುಕರಿಗೆ ಖುಷಿಯಿಂದ ಡೈರಿ ತೋರಿಸಿದೆ. ಅವರು ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಗೀಟುಗಳನ್ನೆಲ್ಲ ನೋಡಿ ಜಪಾನಿಯಲ್ಲಿ ಮೆಲ್ಲಗೆ ಹೇಳಿದರು:

"ಹಡಗು ಎಣಿಸಿದ್ದೀರಿ, ಸರಕು ಎಣಿಸಿಲ್ಲ. ನೀರಿನ ಮೇಲೆ ಕೆಂಪು ಬಣ್ಣ ಕಾಣ್ತಿದೆಯಲ್ಲ, ಅದು ಹಗುರಾದ ಹಡಗು. ಮೇಲಿರೋ ಕಂಟೇನರ್‌ಗಳಲ್ಲಿ ಎಷ್ಟೋ ಖಾಲಿ. ನಾನೂ ಬೆಳಿಗ್ಗೆಯಿಂದ ಇಪ್ಪತ್ತು ಸಲ ಗಾಳ ಹಾಕಿದ್ದೀನಿ. ಮೀನು ಎಷ್ಟು ಅಂತ ಮಾತ್ರ ಕೇಳ್ಬೇಡಿ."

ತುಂಬಿದ ಹಡಗಿನ ತಳದ ಕೆಂಪು ಬಣ್ಣ ನೀರಿನಡಿ ಮುಳುಗಿರುತ್ತದಂತೆ. ಆ ದಿನದ ಒಂಬತ್ತರಲ್ಲಿ ಆರು ಹಡಗುಗಳಿಗೆ ಕೆಂಪು ಕಾಣುತ್ತಿತ್ತು. ಮೂರು ತಿಂಗಳ ನನ್ನ ಸಮಾಧಾನಕ್ಕೆ ಆಧಾರವೇ ಇರಲಿಲ್ಲ.

ಮುಂದಿನ ವಾರದಿಂದ ಎರಡು ಕಾಲಂ ಬರೆದೆ. ಕೆಂಪು ಕಾಣದ ಹಡಗುಗಳೇ ಹೆಚ್ಚಾದದ್ದು ಮರುವರ್ಷದ ಮಾರ್ಚಿನಲ್ಲಿ. ಏಪ್ರಿಲ್‌ನಲ್ಲಿ ಪೆಟ್ಟಿಗೆ ಬಂತು. ತಂದ ಇಬ್ಬರು ಶೂ ಬಿಚ್ಚಿ ಬಂದು ಪೆಟ್ಟಿಗೆಯನ್ನು ಒಳಗಿಟ್ಟು, ತಲೆಬಾಗಿ ಹೋದರು.

ವೀಣೆಯ ಮರ ಬಿರಿದಿರಲಿಲ್ಲ. ಮೇಣ ಕರಗಿ ಹರಿದು, ಇಪ್ಪತ್ನಾಲ್ಕು ಮೆಟ್ಟಿಲುಗಳಲ್ಲಿ ಹದಿನೇಳು ಜಾರಿದ್ದವು. ಅಮ್ಮನಿಗೆ ಫೋನಿನಲ್ಲಿ ‘ವೀಣೆ ಬಂತು’ ಎಂದಷ್ಟೇ ಹೇಳಿದೆ. ಮೈಸೂರಿನ ವೀಣೆ ರಿಪೇರಿಯವರನ್ನು ವಿಚಾರಿಸಿದಾಗ, ಅದು ಸ್ವರ ಕೇಳುತ್ತ ಕೈಯಾರೆ ಕೂರಿಸುವ ಕೆಲಸ, ಫೋನಿನಲ್ಲಿ ಹೇಳಿಕೊಡಲಾಗದು ಎಂದರು. ವೀಣೆ ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಜಪಾನಿನಲ್ಲಿ ಮೆಟ್ಟಿಲು ಕೂರಿಸಬಲ್ಲವರು ಯಾರಾದರೂ ಇದ್ದರೆ, ಇಲ್ಲಿಯ ಬೇಸಿಗೆಗೆ ತಡೆಯುವಂತೆ ಮೇಣ ಹದಮಾಡುವುದು ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ.