ಹಿಂದಿನ ಸ್ಪ್ರಿಂಗು

ಲಾಕ್‌ಡೌನ್ ಆದಾಗ ಹೆಂಡತಿ ಮೈಸೂರಿನಲ್ಲಿ ಉಳಿದುಬಿಟ್ಟಳು, ನಾನು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ. ಒಬ್ಬನೇ ದಿನಸಿ ತರಲು ಹೊರಟರೆ ಬೈಕು ಪ್ರತಿ ಹಂಪ್‌ನಲ್ಲೂ ಎತ್ತಿ ಕುಕ್ಕುತ್ತಿತ್ತು. ಮನೆ ಮುಂದೆ ಇಳಿದು ರಸ್ತೆಗೆ ಬಾಯಿಗೆ ಬಂದಂತೆ ಬೈದೆ.

ಪಕ್ಕದ ಮನೆಯ ತಮಿಳು ಅಣ್ಣ ನಿವೃತ್ತ ಮೆಕ್ಯಾನಿಕ್. "ರಸ್ತೆ ಪಾಪ ಏನು ಮಾಡಿತು? ಹಿಂದಿನ ಸ್ಪ್ರಿಂಗು ಇಬ್ಬರ ಭಾರಕ್ಕೆ ಬಿಗಿ ಮಾಡಿಟ್ಟಿದೆ, ಕೂರೋದು ನೀವೊಬ್ಬರೇ ಲಾ" ಎಂದು ಮಾತಿನ ಕೊನೆಗೆ 'ಲಾ' ಸೇರಿಸುವ ತಮ್ಮ ಮಲೇಷ್ಯಾ ತಮಿಳಿನಲ್ಲಿ ಹೇಳಿ, ಬೇಲಿಯ ಮೇಲಿಂದ ಸ್ಪ್ಯಾನರ್ ಚಾಚಿದರು.

ನಾನು ತಿರುಗಿಸಿದೆ. ಅತಿಯಾಗಿ ಸಡಿಲವಾಯಿತು. "ಇರುಕ್ಕು! ಇರುಕ್ಕು!" ಎಂದು ಅವರು ಕೂಗಿದರು. ತಮಿಳಿನ 'ಇದೆ, ಇದೆ' ಎಂದುಕೊಂಡು ನಾನು ನಗುತ್ತಾ ತಲೆಯಾಡಿಸಿದೆ. ಅವರು ಹೇಳಿದ್ದು ಅದೇ ಸದ್ದಿನ ಇನ್ನೊಂದು ಪದ, 'ಬಿಗಿ ಮಾಡು' ಎಂದು. ಗೊತ್ತಾದಾಗ ಬೇಲಿಯ ಎರಡೂ ಕಡೆ ನಕ್ಕೆವು. ಆ ವಾರದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಗಡಿ ತೆರೆದ ಮೇಲೆ ಹೆಂಡತಿ ಬಂದಳು. ಮರುದಿನ ಅವಳನ್ನು ಕೂರಿಸಿಕೊಂಡು ಹೊರಟೆ. ಬೈಕು ಹಿಂದೆ ಕುಸಿದದ್ದು ಕಂಡು ಅಣ್ಣ ಗೇಟಿನಿಂದಲೇ ಕೂಗಿದರು: "ಇರುಕ್ಕು! ಇರುಕ್ಕು!"

ಬಿಗಿ ಮಾಡಲು ಹೇಳುತ್ತಿದ್ದಾರೆಂದು ಈಗ ಗೊತ್ತಿತ್ತು. ಆದರೂ ಕಿವಿಗೆ 'ಇದೆ, ಇದೆ' ಎಂದೇ ಕೇಳಿಸಿತು. ಹಿಂದಿನ ಸೀಟು ಖಾಲಿಯಿರಲಿಲ್ಲ; ಈ ಸಲ ತಪ್ಪಾಗಿ ಕೇಳಿಸಿದ್ದೂ ಸರಿಯಾಗಿಯೇ ಇತ್ತು.