ಆಕಾಶದಲ್ಲಿ ಬೇಲೂರು ಬಸ್ಸು

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ವಿಮಾನ ಹಾರಿಸುವುದನ್ನು ಕಲಿಯಲು ಸೇರಿದ ಮೇಲೆ, ನಮ್ಮ ಅರಸೀಕೆರೆ ಮನೆಯಲ್ಲಿ ವಿಮಾನದ ವಿಷಯ ಗೊತ್ತಿಲ್ಲದವಳು ನಾನೊಬ್ಬಳೇ ಉಳಿದೆ. ನಿಮ್ಮ ಚಿಕ್ಕತಾತನಿಗೆ, ಅಂದರೆ ನನ್ನ ಮೈದುನನಿಗೆ, ಎಲ್ಲವೂ ಗೊತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆದು ನಿವೃತ್ತರಾದವರು. ಜೀವಮಾನದಲ್ಲಿ ಅವರು ಏರಿದ ಅತಿ ಎತ್ತರದ ಜಾಗ ಊರ ಪಕ್ಕದ ಮಾಲೇಕಲ್ಲು ಬೆಟ್ಟ; ಅದನ್ನೂ ಮೂರು ಕಡೆ ಕೂತು ಏರಿದರು. ಆದರೂ ಪೈಲಟ್ ಹೇಗಿರಬೇಕು, ಹೆಣ್ಣುಮಕ್ಕಳು ಏನಾಗಬಾರದು ಎಂಬುದೆಲ್ಲ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಅವರ ಬಾಯಿಂದ ಬಂದುಬಿಡುತ್ತಿತ್ತು.

ಆ ಸಲ ನಿಮ್ಮ ಅಕ್ಕ ನಾಲ್ಕು ದಿನದ ರಜೆಗೆಂದು ಬಂದಾಗ ಮುಖ ಬಾಡಿತ್ತು. ಒಂದು ಪರೀಕ್ಷೆಯಲ್ಲಿ ಎರಡು ಸಲ ತಪ್ಪಿದ್ದಳು, ಎರಡು ಸಲವೂ ಒಂದೇ ತಪ್ಪು. ಸೋಮವಾರ ಮೂರನೆಯ ಸಲ. ಅದೂ ಹೋದರೆ ಅವಳನ್ನು ಆ ತರಗತಿಯಿಂದಲೇ ಬಿಡಿಸುತ್ತಾರಂತೆ. ಈ ಸುದ್ದಿ ಕೇಳಿದ ಸಂಜೆಯೇ ಚಿಕ್ಕತಾತ ಬಿ.ಎಡ್. ಅರ್ಜಿ ತಂದು ಟೀವಿಯ ಪಕ್ಕದಲ್ಲಿಟ್ಟರು. ಅವಳು ಹುಟ್ಟಿದಾಗ ನೋಡಲು ಬರುವುದಕ್ಕೂ ಅವರು ಅಷ್ಟು ಬೇಗ ಹೊರಟಿರಲಿಲ್ಲ.

ಪರೀಕ್ಷೆ ಏನೆಂದು ಅವಳು ನನಗೆ ಹೀಗೆ ಬಿಡಿಸಿ ಹೇಳಿದಳು. ನಮ್ಮ ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರಂ ಖಾಲಿ ಇಲ್ಲದಿದ್ದರೆ ರೈಲನ್ನು ಊರ ಹೊರಗೆ ಔಟರ್ ಸಿಗ್ನಲ್ಲಿನಲ್ಲಿ ನಿಲ್ಲಿಸುತ್ತಾರಲ್ಲ, ಹಾಗೆ ವಿಮಾನಕ್ಕೂ ಕಾಯಲು ಹೇಳುತ್ತಾರೆ. ವಿಮಾನ ನಿಂತರೆ ಬೀಳುತ್ತದೆ. ಆದ್ದರಿಂದ ಆಕಾಶದಲ್ಲಿ ಒಂದು ಬಿಂದು ಗೊತ್ತುಮಾಡಿ, ಅದರ ಇಂಥ ಕಡೆ ಸುತ್ತುತ್ತಿರು ಎನ್ನುತ್ತಾರೆ. ಗಾಣದ ಎತ್ತಿನ ಸುತ್ತು, ಆದರೆ ದುಂಡಗಲ್ಲ, ಉದ್ದುದ್ದ. ಆ ಸುತ್ತನ್ನು ವಿಮಾನದ ಜಿಪಿಎಸ್ ಪೆಟ್ಟಿಗೆಗೆ ಮೊದಲೇ ತುಂಬಿಸಿಡಬೇಕು. ಯಾವ ಬಿಂದು, ಯಾವ ದಿಕ್ಕು, ತಿರುವು ಎಡಕ್ಕೋ ಬಲಕ್ಕೋ, ನೇರ ಎಷ್ಟು ನಿಮಿಷ. ಅವಳ ಟ್ಯಾಬಿನಲ್ಲಿ ಆ ಪೆಟ್ಟಿಗೆಯ ನಕಲು ಇತ್ತು, ಅಭ್ಯಾಸಕ್ಕೆಂದು ಕೊಟ್ಟಿದ್ದರು.

ನಿಮ್ಮ ಅಕ್ಕ ತಪ್ಪುತ್ತಿದ್ದದ್ದು ದಿಕ್ಕಿನಲ್ಲಿ. ಉತ್ತರಕ್ಕೆ ಕಾಯಿ ಎಂದರೆ ವಿಮಾನ ದಕ್ಷಿಣದಲ್ಲಿ ಸುತ್ತುತ್ತಿತ್ತು. ಅಲ್ಲಿ ಬೇರೆ ವಿಮಾನವಿದ್ದರೆ ಎರಡೂ ಹೋದವು. ತಪ್ಪು ತುಂಬಿಸಿದರೂ ಆ ಪೆಟ್ಟಿಗೆ ತಕರಾರು ಮಾಡುವುದಿಲ್ಲ. ಅದೇ ತಪ್ಪನ್ನು ಅಚ್ಚುಕಟ್ಟಾಗಿ ಸುತ್ತಿಸುತ್ತದೆ. ಚಿಕ್ಕತಾತನ ಕಚೇರಿಯ ನೆನಪಾಯಿತು.

ಅವರು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. "ಸಾಮಾನ್ಯವಾಗಿ ತಿರುವು ಬಲಕ್ಕೆ ತಾತ" ಎಂದು ಅವಳು ಅಂದದ್ದೇ ತಡ, ಎದ್ದು ನಿಂತರು.

"ಪ್ರದಕ್ಷಿಣೆ! ನೋಡಿದ್ಯಾ? ಹಳೇಬೀಡಲ್ಲಿ ಜಗಲಿ ಮೇಲೆ ನಾವು ಸುತ್ತು ಬರಲ್ವಾ ಬಲಕ್ಕೆ? ಅದನ್ನೇ ಕದ್ದಿದಾರೆ ಕಣಮ್ಮ. ಹೊಯ್ಸಳರಿಗೆ ಇದೆಲ್ಲ ಆಗಲೇ ಗೊತ್ತಿತ್ತು."

"ಹೊಯ್ಸಳರ ಹತ್ರ ವಿಮಾನ ಇತ್ತಾ ತಾತ?"

"ಗೋಪುರಕ್ಕೆ ವಿಮಾನ ಅಂತಾನೇ ಅಂತಾರಲ್ಲ, ಯಾಕೆ ಅಂದ್ಕೊಂಡಿದೀಯ?"

"ಒಂದೊಂದ್ಸಲ ಎಡಕ್ಕೂ ತಿರುಗು ಅಂತಾರೆ."

"ಎಡಕ್ಕೆ ಸುತ್ತೋದು ಅಪ್ರದಕ್ಷಿಣೆ. ಶುಭಕ್ಕಲ್ಲ. ಯಾರೇನೇ ಅನ್ಲಿ, ನೀನು ಬಲಕ್ಕೇ ಹಾಕು. ಪಾಸಾಗದೇ ಇದ್ರೆ ನನ್ನ ಕೇಳು."

ಹೀಗೆ ಎರಡು ದಿನ ಪ್ರದಕ್ಷಿಣೆಯಲ್ಲೇ ಹೋಯಿತು. ಅವಳ ತಪ್ಪು ಇದ್ದಲ್ಲೇ ಇತ್ತು.

ಮೂರನೆಯ ದಿನ ನಾನು ಕಾಯಿ ತುರಿಯುತ್ತಿದ್ದಾಗ ಅವಳು ಟ್ಯಾಬು ಹಿಡಿದು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. ಕಣ್ಣು ಕೆಂಪಾಗಿತ್ತು. ಚಿಕ್ಕತಾತ ಅಡುಗೆಮನೆಯೊಳಗೆ ಕಾಲಿಡುವವರಲ್ಲವಾದ್ದರಿಂದ ಅದು ಕ್ಷೇಮದ ಜಾಗ.

"ಹಳೇಬೀಡನ್ನೇ ಬಿಂದು ಅಂತ ಇಟ್ಕೋ ಅಜ್ಜಿ" ಎಂದಳು. "'ಅದರ ಬೇಲೂರು ಕಡೆ ಕಾಯಿ' ಅಂದ್ರು. ಹಳೇಬೀಡಿಂದ ಬೇಲೂರು ಇನ್ನೂರೈವತ್ತು ಡಿಗ್ರಿ ದಿಕ್ಕಲ್ಲಿದೆ. ನಾನು ಇನ್ನೂರೈವತ್ತೇ ಹಾಕ್ತೀನಿ. ನೋಡು, ಸುತ್ತು ಅರಸೀಕೆರೆ ಕಡೆ ಬಂದು ಕೂರುತ್ತೆ. ಓದಿದ್ದೆಲ್ಲ ಗೊತ್ತು, ಪರೀಕ್ಷೆ ಗಾಬರೀಲಿ ಕೈ ಅದನ್ನೇ ಒತ್ತುತ್ತೆ."

"ಆ ಪೆಟ್ಟಿಗೆ ಕೇಳೋದಾದ್ರೂ ಏನು, ಸರಿಯಾಗಿ ಹೇಳು."

"ಬಿಂದುವಿಗೆ ಯಾವ ದಿಕ್ಕಿಗೆ ಮುಖ ಮಾಡ್ಕೊಂಡು ಬರ್ತೀಯ ಅಂತ."

ತುರಿಯುವುದನ್ನು ನಿಲ್ಲಿಸಿದೆ. ಇದು ನನಗೆ ಗೊತ್ತಿದ್ದ ತಪ್ಪು. ನಾನೇ ಮಾಡಿದ್ದು.

ನನ್ನ ತವರು ಹಳೇಬೀಡಿನ ಹತ್ತಿರದ ಹುಲಿಕೆರೆ. ಮದುವೆಯಾದ ಹೊಸತರಲ್ಲಿ ತವರಿನಿಂದ ಮೊದಲ ಸಲ ಒಬ್ಬಳೇ ಅರಸೀಕೆರೆಗೆ ಹೊರಟಿದ್ದೆ. "ಹಳೇಬೀಡಲ್ಲಿ ಬೇಲೂರು ಬಸ್ ಹತ್ತು" ಎಂದು ನಿಮ್ಮ ತಾತ ಹೇಳಿಕಳಿಸಿದ್ದರು. ಬೇಲೂರಿನಿಂದ ಬರುತ್ತದಲ್ಲ, ಅದಕ್ಕೆ ಅರಸೀಕೆರೆಯ ಇವರ ಮನೆಯಲ್ಲಿ ಅದು ಬೇಲೂರು ಬಸ್ಸು. ನಾನು ಏಳನೇ ತರಗತಿ ಓದಿದವಳು. ಬೋರ್ಡಿನಲ್ಲಿ 'ಬೇಲೂರು' ಎಂದಿದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಹತ್ತಿದೆ. ಬೇಲೂರಿಗೇ ಹೋದೆ.

"ಏನಮ್ಮ, ಬೋರ್ಡು ಓದಕ್ಕೆ ಬರಾಕಿಲ್ವಾ?" ಎಂದ ಕಂಡಕ್ಟರು.

"ಓದೇ ಹತ್ತಿದ್ದು" ಎಂದೆ, ಅಳುತ್ತ.

"ಬೋರ್ಡಲ್ಲಿ ಹೋಗೋ ಊರು ಐತೆ ಕಣಮ್ಮ. ಎಲ್ಲಿಂದ ಬಂದೆ ಅಂತ ಯಾವ ಬಸ್ಸೂ ಬರ್ಕೊಂಡು ತಿರುಗಾಕಿಲ್ಲ."

ಅರಸೀಕೆರೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಂದಿನಿಂದ ನನ್ನ ಮೈದುನನಿಗೆ ನಾನು 'ಬೇಲೂರು ಬಸ್ಸು'. ಮದುವೆ, ಮುಂಜಿ, ನಾಮಕರಣ, ಎಲ್ಲ ಪಂಕ್ತಿಯಲ್ಲೂ ಪಾಯಸದ ಜೊತೆಗೆ ಆ ಕತೆ ಬಡಿಸುತ್ತಿದ್ದರು. ನಿಮ್ಮ ತಾತ ತೀರಿಕೊಂಡ ಮೇಲೆ ಒಂದು ವರ್ಷ ಬಿಟ್ಟಿದ್ದರು. ಅಷ್ಟು ಮರ್ಯಾದೆ ಉಂಟು.

ಇದನ್ನೆಲ್ಲ ನಿಮ್ಮ ಅಕ್ಕನಿಗೆ ಹೇಳಿ, "ಪೆಟ್ಟಿಗೆ ಕೇಳ್ತಾ ಇರೋದು ಬೋರ್ಡು ಕಣೇ" ಎಂದೆ. "ನಾನು ಹತ್ತಬೇಕಿದ್ದ ಬಸ್ಸು ಬೇಲೂರು ಕಡೆ ಇದೆ. ಅಲ್ಲಿಂದ ಹಳೇಬೀಡಿಗೆ ಬರ್ತಾ ಇದೆ. ಬೋರ್ಡಲ್ಲಿ ಏನಿರುತ್ತೆ?"

ಅವಳು ನೆಲದ ಮೇಲೆ ಬೆರಳಿನಿಂದ ದಾರಿ ಎಳೆದಳು. "ಅರಸೀಕೆರೆ."

"ಮತ್ತೆ ಬೇಲೂರು ಅಂತ ಯಾಕೆ ಬರೀತೀಯ?"

ಇನ್ನೂರೈವತ್ತನ್ನು ಅಳಿಸಿ, ಅದರ ನೇರ ಎದುರು ದಿಕ್ಕಿನ ಎಪ್ಪತ್ತು ಒತ್ತಿದಳು. ತೆರೆಯ ಮೇಲಿದ್ದ ಉದ್ದನೆಯ ಸುತ್ತು ಅರಸೀಕೆರೆ ಕಡೆಯಿಂದ ಎದ್ದು ಬೇಲೂರು ಕಡೆ ಹೋಗಿ ಕೂತಿತು. ಆಮೇಲೆ ನನ್ನ ಕೈಲಿ ಒಂದೇ ಸಮ ಪ್ರಶ್ನೆ ಕೇಳಿಸಿ ಉತ್ತರ ಹೇಳಿದಳು: ಉತ್ತರಕ್ಕೆ ಕಾಯಿ ಎಂದರೆ ಬೋರ್ಡು ದಕ್ಷಿಣ, ಪೂರ್ವಕ್ಕೆಂದರೆ ಪಶ್ಚಿಮ. ಅವತ್ತಿನ ಸಾರು ತಳ ಹಿಡಿಯಿತು. ಚಿಕ್ಕತಾತ ಊಟಕ್ಕೆ ಕೂತು, ಸೀದ ವಾಸನೆಯ ಬಗ್ಗೆಯೂ ಹಿಂದಿನವರು ಏನು ಹೇಳಿದ್ದರು ಎಂದು ತಿಳಿಸಿದರು.

ಸೋಮವಾರ ಮಧ್ಯಾಹ್ನ ಫೋನು ಅವರಿಗೇ ಬಂತು, ಹಿರಿಯರೆಂದು. ನಡುಮನೆಯಲ್ಲಿ ಸ್ಪೀಕರ್ ಹಾಕಿದರು. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. 

"ಪಾಸಾದೆ ತಾತ!"

"ನಾನು ಹೇಳಿರ್ಲಿಲ್ವಾ? ಪ್ರದಕ್ಷಿಣೆ ಬಿಟ್ಟುಕೊಡ್ಬೇಡ ಅಂತ!"

"ಹೂಂ ತಾತ" ಎಂದಳು. ದೊಡ್ಡವರಿಗೆ ಎದುರಾಡಬಾರದೆಂದು ನಾವೇ ಕಲಿಸಿದ್ದು. ನಾನೂ ಮೈದುನನ ಎದುರು ನಾನಾಗಿ ಮಾತಾಡಿದವಳಲ್ಲ. ಅದು ಹೇಗೋ, ಅವತ್ತು ಬಾಗಿಲಿನಿಂದಲೇ ಕೇಳಿಬಿಟ್ಟೆ: "ಯಾವ ಕಡೆ ತಿರುಗು ಅಂದಿದ್ರು ಕಣೇ?"

"ಎಡಕ್ಕೆ ಅಜ್ಜಿ. ಎಡಕ್ಕೇ ಹಾಕಿದೆ. ಬೋರ್ಡೂ ಓದ್ಕೊಂಡೆ."

ಚಿಕ್ಕತಾತ ನನ್ನ ಕೈಯಿಂದ ಕಾಫಿ ತೆಗೆದುಕೊಂಡು ತಳದವರೆಗೂ ಕುಡಿದರು. ಆಮೇಲೆ, "ಎಡಕ್ಕೇ ಇರಲಿ, ತತ್ವ ನಮ್ಮದೇ" ಎಂದು ಲೋಟ ಇಟ್ಟರು. ಟೀವಿಯ ಪಕ್ಕದ ಅರ್ಜಿಯನ್ನು ನಾನು ತೆಗೆದುಕೊಂಡು ಹೋಗಿ ಹಪ್ಪಳದ ಡಬ್ಬದ ತಳಕ್ಕೆ ಹಾಸಿದೆ. ಅಳತೆ ಸರಿಯಾಗಿ ಕೂತಿತು.

ಅಂದಿನಿಂದ ಅವರು ನನ್ನನ್ನು ಬೇಲೂರು ಬಸ್ಸು ಎನ್ನುವುದನ್ನು ಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಮೊನ್ನೆಯೂ ಅಂದರು. ಆದರೆ ಆಗ ನಿಮ್ಮ ಅಕ್ಕ ಅಲ್ಲೇ ಇದ್ದಳು.

"ಯಾವುದು ತಾತ, ಬೇಲೂರಿಗೆ ಹೋಗೋದೋ, ಬೇಲೂರಿಂದ ಬರೋದೋ?" ಎಂದಳು.

ಅವರು ಯೋಚಿಸಿದರು. ಕೊನೆಗೆ ಕಚೇರಿಯ ಹಳೇ ಅಭ್ಯಾಸದಲ್ಲೇ, "ನಾಳೆ ಬಾ, ನೋಡಿ ಹೇಳ್ತೀನಿ" ಎಂದರು.