ನಾನು ಕಟ್ಟಿದ ಮೊದಲ ಎಂಜಿನ್ನು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಂಡತಿ ಮಕ್ಕಳು ಈಗಲೂ ಹೇಳುತ್ತಾರೆ. ಅವರು ನನ್ನನ್ನು ನೋಡಿದ್ದೇ ತಣ್ಣಗಾದ ಮೇಲೆ. ಹತ್ತೊಂಬತ್ತರ ವಯಸ್ಸಿನಲ್ಲಿ ನೋಡಿದ್ದರೆ ನನ್ನ ಜೊತೆ ಒಂದು ದಿನವೂ ಬಾಳುತ್ತಿರಲಿಲ್ಲ. ನಟ್ಟು ಬಿಚ್ಚಲು ಬರದಿದ್ದರೆ ಅದರ ವಂಶವನ್ನೆಲ್ಲ ಬೈದು, ಸ್ಪ್ಯಾನರನ್ನು ಎತ್ತಿ ಎಸೆದು, ಆಮೇಲೆ ಅದನ್ನೇ ಹುಡುಕಿಕೊಂಡು ಗ್ರೀಸು ಮೆತ್ತಿದ ನೆಲದ ಮೇಲೆ ತೆವಳುತ್ತಿದ್ದವನು ನಾನು. ಅಂಥವನು ಮೋಟಾರು ಮೆಕ್ಯಾನಿಕ್ ಆದ ಕತೆ ಇದು. ಹೆಮ್ಮೆಯಿಂದಲೇ ಹೇಳುತ್ತೇನೆ. ಈ ವಯಸ್ಸಿನಲ್ಲಿ ಸಂಕೋಚ ಪಟ್ಟುಕೊಂಡು ಯಾರಿಗೆ ಏನಾಗಬೇಕು?

ಐವತ್ತರ ದಶಕದ ಕೊನೆಯ ಮಾತು. ಅಪ್ಪ ಕೆಜಿಎಫ್‌ನ ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ನೆಲದೊಳಗೆ ಕೆಲಸ ಮಾಡುತ್ತಿದ್ದ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು ಗಣಿಯ ಲೈನ್ ಮನೆಯಲ್ಲಿ ನೆಲೆ ನಿಂತವನು. ಗಣಿಯವನ ಮಗ ಗಣಿಗೇ ಇಳಿಯುವುದು ನಮ್ಮ ಲೈನಿನಲ್ಲಿ ಯಾರೂ ಕೇಳದ, ಯಾರೂ ಹೇಳದ ಕಟ್ಟಳೆ. ಗೇಟಿನ ಗುಮಾಸ್ತರಿಗೆ ಮೊದಲೇ ಹೇಳಿ ಅಪ್ಪ ನನಗೂ ಒಂದು ಜಾಗ ಹಿಡಿದಿಟ್ಟಿದ್ದ. ನನಗೋ ಜನರನ್ನು ತುಂಬಿಕೊಂಡು ಪಾತಾಳಕ್ಕೆ ಇಳಿಯುವ ಆ ಕೇಜನ್ನು ಕಂಡರೆ ಪ್ರಾಣಭಯ. ಒಳಗೆಲ್ಲೋ ಬಂಡೆ ಸಿಡಿದರೆ ನಮ್ಮ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಅಪ್ಪ ಮನೆಗೆ ಬರುವ ತನಕ ಯಾರ ಗಂಟಲಲ್ಲೂ ಮುದ್ದೆ ಇಳಿಯುತ್ತಿರಲಿಲ್ಲ. ಹೆದರಿಕೆ ಎಂದು ಅಪ್ಪನ ಎದುರು ಒಪ್ಪಿಕೊಳ್ಳಲು ನನ್ನ ಮೀಸೆ ಬಿಡಲಿಲ್ಲ. ಅದಕ್ಕೇ ಮೋಟಾರು ಕೆಲಸ ಕಲಿಯುತ್ತೇನೆ ಎಂದೆ.

"ಕಲ್ತ್ಕೋ ಓಗು," ಅಂದ ಅಪ್ಪ. "ಎರಡು ವರ್ಷ ನೋಡ್ತೀನಿ. ಎರಡ್ನೇ ದಸರಾದೊಳಗೆ ಯಾವ್ದಾದ್ರೂ ಬಸ್ ಶೆಡ್ಡಿನೋರು ನಿನ್ನ ಕೆಲಸಕ್ಕೆ ತಗೊಂಡ್ರೆ ಸರಿ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ನನ್ ಜೊತೆ ಕೆಳಕ್ಕೆ ಇಳೀಬೇಕು ಕಣ್ಲಾ."

ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಒಬ್ಬ ಸಾಹುಕಾರರ ಬಸ್ ಶೆಡ್ಡಿತ್ತು. ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ಹೋಗುವುದು, ಸಂಜೆ ಮೈಯೆಲ್ಲ ಸೀಮೆಎಣ್ಣೆ ನಾತ ಹೊತ್ತು ಬರುವುದು. ನಾನು ಹತ್ತಿದರೆ ಪಕ್ಕದವರು ತಾವಾಗಿಯೇ ಸರಿದು ಕೂರುತ್ತಿದ್ದರು, ಸೀಟಿಗೆ ಬರವಿರಲಿಲ್ಲ. ಮೊದಮೊದಲು ಎಂಜಿನ್ ಭಾಗಗಳನ್ನು ತೊಳೆಯುವುದೇ ಕೆಲಸ. ಆಮೇಲೆ ಪಿಸ್ಟನ್ ಮೇಲಿನ ಕರಿ ಕೆರೆಯುವುದು. ಅದಾದ ಮೇಲೆ ವಾಲ್ವು ಉಜ್ಜುವುದು: ಮರಳಿನಂಥ ಪೇಸ್ಟು ಹಚ್ಚಿ, ಅಂಗೈಗಳ ನಡುವೆ ಕಡ್ಡಿ ಹಿಡಿದು, ಮಜ್ಜಿಗೆ ಕಡೆದ ಹಾಗೆ ಅತ್ತಿತ್ತ ತಿರುಗಿಸುತ್ತ ಕೂರಬೇಕು. ವಾಲ್ವು ಕೂತ ಜಾಗದಲ್ಲಿ ಸೀಮೆಎಣ್ಣೆ ಸುರಿದರೆ ಒಂದು ಹನಿಯೂ ಸೋರಬಾರದು. ಸೋರಿದರೆ ಮತ್ತೆ ಮೊದಲಿಂದ. ನನ್ನಂಥ ಮುಂಗೋಪಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ.

ನನ್ನನ್ನು ತಿದ್ದಿದವರು ಶೆಡ್ಡಿನ ಮೇಸ್ತ್ರಿ. ಕೆಜಿಎಫ್‌ನ ತಮಿಳರು, ಕನ್ನಡವನ್ನು ಬೈಯುವುದಕ್ಕೆ ಮಾತ್ರ ಚೆನ್ನಾಗಿ ಕಲಿತಿದ್ದರು. ಅವರದೊಂದು ಕಟ್ಟುನಿಟ್ಟು. ಗಾಡಿ ಕೆಟ್ಟು ಬಂದರೆ ಕಲಿಯುವವರು ಕೂಡಲೇ ಕೈ ಹಾಕುವಂತಿಲ್ಲ. ಏನು ಕೆಟ್ಟಿದೆ, ಯಾಕೆ ಹಾಗನ್ನಿಸುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಮೊದಲು ಹೇಳಬೇಕು. "ಮೊದ್ಲು ಬಾಯಿ, ಆಮೇಲೆ ಸ್ಪ್ಯಾನರು" ಎನ್ನುತ್ತಿದ್ದರು. ಹೇಳಿದ್ದು ತಪ್ಪಾದರೆ ಇಡೀ ಶೆಡ್ಡು ನಗುತ್ತಿತ್ತು. ನನ್ನನ್ನು ನೋಡಿ ನಕ್ಕಷ್ಟು ಅವರು ಟೆಂಟ್ ಸಿನಿಮಾದಲ್ಲೂ ನಕ್ಕಿರಲಿಕ್ಕಿಲ್ಲ.

ಎರಡನೆಯ ದಸರಾ ಹತ್ತಿರ ಬಂದಾಗ ಸಾಹುಕಾರರು ಒಂದು ಹಳೆಯ ಪೆಟ್ರೋಲ್ ಬಸ್ಸಿನ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ನನ್ನ ಮುಂದೆ ಹರಡಿಸಿದರು. ಒಬ್ಬನೇ ಕಟ್ಟಬೇಕು, ಬಸ್ಸಿಗೆ ಕೂರಿಸಿ ಆಯುಧಪೂಜೆಯ ದಿನ ಎಲ್ಲರ ಎದುರು ಬಸ್ಸಿನ ಮೂತಿಗೆ ಹ್ಯಾಂಡಲ್ ಹಾಕಿ, ತಿರುಗಿಸಿ ಹೊಡೆದು ಎಬ್ಬಿಸಬೇಕು. ಎದ್ದರೆ ಕೆಲಸ, ಏಳದಿದ್ದರೆ ಮನೆಗೆ. ಮನೆಗೆಂದರೆ ನನ್ನ ಪಾಲಿಗೆ ಆ ಕೇಜಿಗೆ. ಆ ದಿನಗಳಲ್ಲಿ ನಾನು ಯಾರನ್ನೂ ಬೈಯಲಿಲ್ಲ, ಏನನ್ನೂ ಎಸೆಯಲಿಲ್ಲ. ಮೇಸ್ತ್ರಿ ನನಗೆ ಜ್ವರ ಬಂದಿದೆಯೇ ಎಂದು ವಿಚಾರಿಸಿದರು.

ಎಂಜಿನ್ ಕಟ್ಟಿದವನ ಮನೆಯವರೇ ಅದಕ್ಕೆ ಪೂಜೆ ಮಾಡುವುದು ಆ ಶೆಡ್ಡಿನ ಪದ್ಧತಿ. ಅಪ್ಪನಿಗೆ ಅವತ್ತು ಮಧ್ಯಾಹ್ನದ ಶಿಫ್ಟು. ಬೆಳಿಗ್ಗೆಯೇ ಅಮ್ಮನನ್ನು ಕರೆದುಕೊಂಡು ಬಂದ. ಅಮ್ಮ ಅರಿಶಿನ ಕುಂಕುಮ ಇಟ್ಟಳು, ಚೆಂಡುಹೂವಿನ ಹಾರ ಹಾಕಿದಳು, ಕರ್ಪೂರ ಬೆಳಗಿದಳು. ತೆಂಗಿನಕಾಯಿ ಒಡೆದು ಅದರ ನೀರನ್ನು ಚೊಂಬಿಗೆ ಹಿಡಿದು, ಕುಂಕುಮ ಕದಡಿ, ಊರಲ್ಲಿ ಹೊಸ ಬಂಡಿಗೆ ಮಾಡುವಂತೆ, ವೀಳ್ಯದೆಲೆಯಿಂದ ಗಾಲಿಗಳಿಗೆಲ್ಲ ಚಿಮುಕಿಸಿದಳು. ಬಾನೆಟ್ಟು ತೆರೆದೇ ಇತ್ತು. ಮಗ ಕಟ್ಟಿದ್ದಕ್ಕೆ ಕಡಿಮೆ ಮಾಡುವುದುಂಟೇ? ಅಲ್ಲಿಗೂ ಧಾರಾಳವಾಗಿಯೇ ಬಿತ್ತು. ನಾವೆಲ್ಲ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದೆವು.

ಹ್ಯಾಂಡಲ್ ಹಾಕಿ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಇಲ್ಲ. ಬೆವರು ಕಣ್ಣಿಗೆ ಇಳಿಯುವ ತನಕ ಹೊಡೆದೆ. ಎಂಜಿನ್ ಕೆಮ್ಮಲೂ ಇಲ್ಲ. ಅಪ್ಪ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಅದರ ಅರ್ಥ ನನಗೆ ಗೊತ್ತಿತ್ತು: ನಡಿ, ಗಣಿಗೆ. ಹಳೆಯ ಕೋಪ ನೆತ್ತಿಗೇರಿ ಸ್ಪ್ಯಾನರಿಗೆ ಕೈ ಹಾಕಿದೆ. ಮೇಸ್ತ್ರಿ ಅದರ ಮೇಲೆ ಕಾಲಿಟ್ಟು ನಿಂತರು.

"ಬಾಯಿ, ತಂಬಿ."

ಅಳು ಬರುವಂತಿತ್ತು. ಆದರೂ ಶುರು ಮಾಡಿದೆ. "ಪೆಟ್ರೋಲ್ ಬತ್ತಾ ಐತೆ, ವಾಸನೆ ಒಡೀತಾ ಐತೆ. ಹ್ಯಾಂಡಲ್ ತಿರುಗಿಸ್ದಾಗ ಎಂಜಿನ್ ಎದುರು ಒತ್ತುತೈತೆ, ಅಂದ್ರೆ ವಾಲ್ವು ಸರಿಯಾಗಿ ಕೂತವೆ. ಉಳಿದಿದ್ದು ಕರೆಂಟು. ಬೆಳಿಗ್ಗೆ ಪ್ಲಗ್ಗಲ್ಲಿ ಕಿಡಿ ನಾನೇ ನೋಡಿವ್ನಿ. ಬೆಳಿಗ್ಗೆಯಿಂದ ಈಚ್ಗೆ ಎಂಜಿನ್ ಮೇಲೆ ಬಿದ್ದಿದ್ದು…"

ಅಲ್ಲಿಗೆ ನನ್ನ ಬಾಯಿ ನಿಂತಿತು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಕುಂಕುಮದ ಬಣ್ಣದ ಒಂದು ಹನಿ ಹೊಳೆಯುತ್ತಿತ್ತು. ಇಷ್ಟು ಜನರ ಎದುರು, ಹಬ್ಬದ ದಿನ, ಹೆತ್ತವಳ ಮೇಲೆ ತಪ್ಪು ಹೊರಿಸುವುದು ಹೇಗೆ? ಅಮ್ಮನ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಅದೇನು ಏಳ್ಲಾ," ಅಂದಳು. "ಯಾಕೆ ನಿಲ್ಲಿಸ್ದೆ?"

"ನಿನ್ ತೀರ್ಥ ಕಣಮ್ಮ," ಅಂದೆ. "ಒಳಕ್ಕೆ ಓಗೈತೆ."

ಮೇಸ್ತ್ರಿ ಕಾಲು ತೆಗೆದರು. ಮುಚ್ಚಳ ಬಿಚ್ಚಿದೆ. ಒಳಗೆ ಕಾಯಿನೀರು ಪಸೆಪಸೆ ಹಿಡಿದು ಕೂತಿತ್ತು. ಒಣ ಬಟ್ಟೆಗಾಗಿ ಸುತ್ತ ನೋಡುವಷ್ಟರಲ್ಲಿ ಅಮ್ಮ ಹಬ್ಬದ ಸೀರೆಯ ಸೆರಗನ್ನೇ ನನ್ನ ಕೈಗೆ ತುರುಕಿದಳು. ಅದರಲ್ಲೇ ಮುಚ್ಚಳ, ವೈರು, ಪ್ಲಗ್ಗಿನ ತಲೆಗಳನ್ನೆಲ್ಲ ಒರೆಸಿ ಒಣಗಿಸಿ ಜೋಡಿಸಿದೆ. ಹ್ಯಾಂಡಲ್ ಹಾಕಿದೆ. ಒಮ್ಮೆ ಕೆಮ್ಮಿತು. ಮತ್ತೆ ಹೊಡೆದೆ. ಎದ್ದಿತು!

ಆ ಸದ್ದನ್ನು ನಾನು ಹೇಗೆ ಹೇಳಲಿ? ಆಮೇಲೆ ನನ್ನ ಕೈಯಲ್ಲಿ ಎಷ್ಟೋ ಎಂಜಿನ್ನುಗಳು ಎದ್ದಿವೆ. ಯಾವುದೂ ಹಾಗೆ ನನ್ನ ಎದೆಯೊಳಗೆ ಗುಡುಗಲಿಲ್ಲ. ನಾನು ಹೋ ಎಂದು ಕೂಗಿದೆ, ಕುಣಿದೆ, ಮೇಸ್ತ್ರಿಯವರನ್ನು ಅಪ್ಪಿಕೊಂಡು ಅವರ ಬಿಳಿ ಅಂಗಿಗೆಲ್ಲ ಗ್ರೀಸು ಬಳಿದೆ. ಬೈಗುಳಕ್ಕಾಗಿ ಕಾದೆ, ಬರಲಿಲ್ಲ. ಸಾಹುಕಾರರು ಕೆಲಸ ಇವತ್ತಿನಿಂದಲೇ ಎಂದರು. ಅಮ್ಮ ಮಸಿಯಾದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ನೀರು ಆಕ್ದೆ ಇದ್ದಿದ್ರೆ ನಿನ್ ಬುದ್ಧಿವಂತಿಕೆ ಯಾರಿಗ್ಲಾ ಗೊತ್ತಾಗ್ತಿತ್ತು?" ಅಂದಳು.

ಆ ಬಸ್ಸಿನ ಮೊದಲ ಟ್ರಿಪ್ಪು ಕೆಜಿಎಫ್‌ಗೆ. ಅಪ್ಪ ಮುಂದಿನ ಸೀಟಿನಲ್ಲಿ ಕೂತ, ಅಮ್ಮ ಹಿಂದೆ ಹೆಂಗಸರ ಜೊತೆ. ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆಗೇ ಮುಖ ಮಾಡಿದ್ದ. ಅವನು ಹಿಡಿದಿಟ್ಟ ಜಾಗವನ್ನು ಒದ್ದು ಬಂದವನು ನಾನು, ಒಳಗೊಳಗೇ ನೊಂದಿದ್ದಾನೆ ಎಂದುಕೊಂಡೆ. ಗಣಿಯ ಗೇಟಿನ ಮುಂದೆ ಡ್ರೈವರ್ ಬಸ್ಸು ನಿಲ್ಲಿಸಿದ. ಅಪ್ಪ ಇಳಿದ, ಅವನ ಹಿಂದೆಯೇ ನಾನೂ ಇಳಿದೆ. ಗುಮಾಸ್ತರು ನಮ್ಮಿಬ್ಬರನ್ನೂ ನೋಡಿ, "ಏನಪ್ಪಾ, ಮಗನ್ನ ಕರ್ಕೊಂಡೇ ಬಂದ್ಯಾ? ಸೇರಿಸ್ಕೊಳ್ಳೋದೇನು?" ಎಂದರು.

"ಬ್ಯಾಡಿ ಸ್ವಾಮಿ," ಅಂದ ಅಪ್ಪ. "ಆ ಬಸ್ಸೈತಲ್ಲ, ಅದರ ಎಂಜಿನ್ ಕಟ್ಟಿದ್ದು ಇವ್ನೇ. ಇವ್ನು ಕೆಳಕ್ಕೆ ಬರೋದು ತಪ್ಲಿ ಅಂತ ಎರಡು ವರ್ಷದಿಂದ ದೇವ್ರಿಗೆ ಕೈ ಮುಗೀತಾ ಇದ್ದೆ."

ನನ್ನ ಕಡೆ ತಿರುಗಿಯೂ ನೋಡದೆ ಕೇಜಿನ ಕಡೆ ನಡೆದ. ನಾನು ಬಸ್ಸು ಹತ್ತಿದೆ.